ಅಲುಗದ ಬೆರಳನ್ನೂ ಬರೆಯಬೇಕು

ಹೆಬ್ಬೆರಳಿನಿಂದ ತೋರುಬೆರಳ ತುದಿ ತಟ್ಟುವುದು, ಪಕ್ಕಕ್ಕೆ ಸವರುವುದು, ಒತ್ತಿ ಹಿಡಿಯುವುದು. ಇವನ್ನು ನಿಂತ ಚಿತ್ರದಲ್ಲಿ ತೋರಿಸೋಕಾಗಲ್ಲ, ವಿಡಿಯೋನೇ ಗತಿ ಅಂದವರೇ ಎಲ್ಲ. ಈಗ ತುಮಕೂರಿನಿಂದ, ಇಂಥ ಬೆರಳ ಸನ್ನೆಗಳನ್ನು ಗುರುತಿಸುವ ನಮ್ಮ ಸೆನ್ಸರ್ ಕಿಟ್ ಜೊತೆ ಹೋಗುವುದು ಚಿತ್ರಗಳ ಒಂದೇ ಹಾಳೆ, ಅದೂ ಕಪ್ಪು-ಬಿಳುಪು ಝೆರಾಕ್ಸ್.

ಮೊದಲು ದುಡ್ಡು ತಿಂದದ್ದು ಬಣ್ಣ. ಮುನ್ನೂರು ಹಾಳೆಗೆ ಹತ್ತಿರ ಹತ್ತಿರ 3,000 ರೂಪಾಯಿ. ಝೆರಾಕ್ಸ್ ಹೊಡೆದರೆ ಕೆಂಪು ಬಾಣ, ನೀಲಿ ಬೆರಳು ಎರಡೂ ಒಂದೇ ಬೂದು. ಬಾಣದ ಅಳತೆಯಲ್ಲಿ ಆದದ್ದು ಅದಕ್ಕಿಂತ ದೊಡ್ಡ ತಪ್ಪು. ಬೆರಳು ಸರಿಯುವುದು ಒಂದು ಸೆಂಟಿಮೀಟರ್, ಬಾಣ ಅಂಗೈಯುದ್ದ. ನೋಡಿದವರು ಮಣಿಕಟ್ಟನ್ನೇ ಬೀಸಿದರು. ಚಿಕ್ಕದು ಮಾಡಿದರೆ ಚರ್ಮದ ಗೆರೆಗಳ ನಡುವೆ ಬಾಣವೇ ಕಾಣೆ.

ಸರಿಹೋದದ್ದು ಅಲುಗದ್ದನ್ನು ಬರೆದ ಮೇಲೆ. ಮಣಿಕಟ್ಟಿನ ಕೆಳಗೆ ಮೇಜಿನ ಅಂಚಿನದೊಂದು ಗೆರೆ, ಅಷ್ಟೇ. ಕೈ ಬೀಸುವುದು ನಿಂತಿತು. ಸುಮ್ಮನಿರುವ ಬೆರಳುಗಳಿಗೆ 0.3 ಮಿಮೀ ಗೆರೆ, ಹೆಬ್ಬೆರಳಿಗೆ 0.7, ಅದರ ಹಿಂದಿನ ಜಾಗಕ್ಕೆ ತುಂಡುಗೆರೆ. ಆ ಎರಡು ಜಾಗಗಳ ನಡುವಿನ ಅಂತರ ನಿಜಕ್ಕೆ ಇದ್ದದ್ದರ ಎರಡರಷ್ಟು. ಚರ್ಮದ ಮಡಿಕೆಗಳನ್ನೆಲ್ಲ ಅಳಿಸಿ, ಹೆಬ್ಬೆರಳ ಉಗುರು ಮಾತ್ರ ಉಳಿಸಿ: ಬೆರಳು ಯಾವ ಕಡೆ ತಿರುಗಿದೆ ಅಂತ ಹೇಳುವುದು ಅದೇ. ತಟ್ಟಿದ್ದಕ್ಕೆ ಮೂರು ಚಿಕ್ಕ ಗೀರು, ಹಿಡಿದದ್ದಕ್ಕೆ ಚುಕ್ಕಿಯ ಸುತ್ತ ಉಂಗುರ. ಸವರುವ ಬಾಣ ಬೆರಳಿನ ಹೊರಗೆ, ಒಂದು ಗೆಣ್ಣಿನುದ್ದ ಮೀರಬಾರದು.

ಫೋಟೋ ಮೇಲೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತಿದ್ದುವುದು. ಮೊಬೈಲ್ ಹತ್ತಿರ ಹಿಡಿದರೆ ಹೆಬ್ಬೆರಳು ಬದನೆಕಾಯಿ ಹಾಗೆ ಊದುತ್ತದೆ. ದೂರ ನಿಂತು 2 ಪಟ್ಟು ಝೂಮ್ ಮಾಡಿ. ಹೆಬ್ಬೆರಳಿನ ಕಡೆಯಿಂದಲೇ ತೆಗೆಯಿರಿ. ಎಷ್ಟು ಡಿಗ್ರಿ ಅನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ನಲವತ್ತು ಫೋಟೋ ಸುಟ್ಟಿದ್ದೇನೆ.

ಎರಡು ಸಲ ತಟ್ಟುವುದು ಕೊನೆಯವರೆಗೂ ಕಾಡಿತು. ಎರಡು ಬಾಣ ಹಾಕಿದರೆ ಮೇಲೆ-ಕೆಳಗೆ ಉಜ್ಜುತ್ತಾರೆ. 2023ರ ಆಪಲ್ ವಾಚ್ ಸೀರೀಸ್ 9ರಲ್ಲಿ ಇದೇ ಸನ್ನೆ ಇದೆ, ಅದನ್ನು ಕೈಗೆ ಕಟ್ಟಿಕೊಂಡವರಿಗೆ ಚಿತ್ರವೇ ಬೇಡ. ಮಿಕ್ಕವರಿಗೆ ಗೀರಿನ ಪಕ್ಕ ‘2 ಸಲ’ ಅಂತ ಬರೆದೆ. ಚಿತ್ರಗಾರನಿಗೆ ಅವಮಾನವೇ, ಆದರೆ ಕೆಲಸ ನಡೀತು.

ಮಧ್ಯೆ ಇನ್ನೊಂದು ಆಟ ನೋಡಿದೆ. ನಾಲ್ಕು ಬೆರಳು, ಮೂರು ಮೂರು ಗೆಣ್ಣು, ಹೆಬ್ಬೆರಳಿನಿಂದ ಮುಟ್ಟಿ ಸನ್ನೆ ಮಾಡಲು ಒಟ್ಟು 12 ಜಾಗ. ಜಪ ಎಣಿಸುವವರಿಗೆ ‘ನಡುಬೆರಳ ಎರಡನೇ ಗೆಣ್ಣು’ ಅಂದರೆ ಬಾಣವೇ ಬೇಡ. ಕಿರುಬೆರಳ ಬುಡಕ್ಕೆ ಮಾತ್ರ ಹೆಬ್ಬೆರಳು ಎಟುಕುವಾಗ ಅಂಗೈಯೇ ಮಡಿಯುತ್ತದೆ, ಸೆನ್ಸರ್ ಅದನ್ನು ಮುಷ್ಟಿ ಅಂದುಕೊಳ್ಳುತ್ತದೆ. ಆ ಒಂದು ಜಾಗ ಬಿಟ್ಟು 11 ಇಟ್ಟುಕೊಂಡಿದ್ದೇನೆ.