ಎರಡು ಮೀಟರ್ ಬ್ಯಾಂಡಿಗೆ ವಾರದಲ್ಲೊಂದು ಸಂಜೆ: ಊರಿನ ಹ್ಯಾಮ್‌ಗಳು ಸೇರಿ ನಡೆಸುವುದು ಹೇಗೆ?

ಹೊಸದಾಗಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರು ಹ್ಯಾಂಡಿ ಸೆಟ್ (ಕೈಯಲ್ಲಿ ಹಿಡಿಯುವ ರೇಡಿಯೊ) ಕೊಂಡು ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು ಎರಡು ಮೀಟರ್ ಉದ್ದದ ಅಲೆಗಳ ಪಟ್ಟಿಯಲ್ಲಿ, ಕರೆ ಕೊಡುತ್ತಾರೆ. ಉತ್ತರ ಬರುವುದಿಲ್ಲ. ನಾಲ್ಕು ದಿನ ಕರೆದು ಬೇಸತ್ತು ಸೆಟ್ಟನ್ನು ಕಪಾಟಿಗೆ ಸೇರಿಸುತ್ತಾರೆ. ಅದೇ ಊರಿನ ಇನ್ನೊಬ್ಬರು ಬೇರೆ ಹೊತ್ತಿನಲ್ಲಿ ಹೀಗೆಯೇ ಕರೆದು ಸುಮ್ಮನಾಗಿರುತ್ತಾರೆ. ನಮ್ಮಲ್ಲಿ ಈ ಬ್ಯಾಂಡು ಮೌನವಾಗಿ ಕಾಣುವುದಕ್ಕೆ ದೊಡ್ಡ ಕಾರಣ ಇದೇ ಎಂಬುದು ನನ್ನ ದೃಢವಾದ ನಂಬಿಕೆ. ವಾರದಲ್ಲಿ ಒಂದು ಗಂಟೆಯನ್ನು ಗೊತ್ತುಮಾಡಿ ಎಲ್ಲರೂ ಒಟ್ಟಿಗೆ ಸೆಟ್ ಹಚ್ಚಿದರೆ ಸಾಕು, ಅದೇ ಬ್ಯಾಂಡಿನಲ್ಲಿ ಸರದಿಗೆ ಕಾಯಬೇಕಾಗುತ್ತದೆ.

ಉತ್ತರ ಯುರೋಪಿನ ಹ್ಯಾಮ್‌ಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್‌ಗಳಲ್ಲಿ ಮಂಗಳವಾರದ ಸಂಜೆ ವಿಎಚ್‌ಎಫ್ (ಎರಡು ಮೀಟರ್ ಬ್ಯಾಂಡೂ ಸೇರಿದ ಶ್ರೇಣಿ) ಮತ್ತು ಅದಕ್ಕೂ ಮೇಲಿನ ಬ್ಯಾಂಡುಗಳ ಸ್ಪರ್ಧೆಗೆ ಮೀಸಲು. ತಿಂಗಳ ಮೊದಲ ಮಂಗಳವಾರ 144 ಮೆಗಾಹರ್ಟ್ಸ್, ಎರಡನೆಯದು 432, ಮೂರನೆಯದು 1296, ನಾಲ್ಕನೆಯದು ಮೈಕ್ರೋವೇವ್. ಬ್ರಿಟನ್ನಿನಲ್ಲೂ ಇಂಥದೇ ಮಂಗಳವಾರಗಳಿವೆ. ಗೆಲ್ಲುವ ಆಸೆಯಿಲ್ಲದವರೂ ಅಂದು ಸೆಟ್ ಹಚ್ಚುತ್ತಾರೆ, ಏಕೆಂದರೆ ಅಂದು ಆ ಕಡೆ ಯಾರಾದರೂ ಇದ್ದೇ ಇರುತ್ತಾರೆ.

ನಮ್ಮ ಊರುಗಳಲ್ಲೂ ಇದನ್ನು ನಡೆಸಬಹುದು. ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ. 12 ವರ್ಷ ತುಂಬಿದವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆಯಬಹುದು. ನಿರ್ಬಂಧಿತ ದರ್ಜೆಯ ಪರವಾನಗಿಗೆ ಮೋರ್ಸ್ (ಚುಕ್ಕೆ ಗೆರೆಗಳ ಸಂಕೇತ ಭಾಷೆ) ಬೇಕಿಲ್ಲ, ವಿಎಚ್‌ಎಫ್ ಸಂಜೆಗೆ ಆ ದರ್ಜೆಯೇ ಸಾಕು.

ದಿನ ಮತ್ತು ತರಂಗಾಂತರ

ದಿನ ಯಾವುದಾದರೂ ಆಗಲಿ, ಮತ್ತೆ ಬದಲಿಸಬೇಡಿ. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಹಬ್ಬವಿದೆ, ಮಳೆಯಿದೆ ಎಂದು ಎರಡು ವಾರ ಬಿಟ್ಟರೆ ಮೂರನೆಯ ವಾರ ಜನ ಬರುವುದಿಲ್ಲ. ಆದ್ದರಿಂದ ನಡೆಸುವವರು ಒಬ್ಬರೇ ಇರಬಾರದು, ಮೂವರಾದರೂ ಸರದಿಯಲ್ಲಿ ಹೊಣೆ ಹೊರಬೇಕು.

ಭಾರತದಲ್ಲಿ ಎರಡು ಮೀಟರ್ ಬ್ಯಾಂಡ್ ಎಂದರೆ 144ರಿಂದ 146 ಮೆಗಾಹರ್ಟ್ಸ್. ಇದರಲ್ಲಿ 145.800ರಿಂದ ಮೇಲಿನದನ್ನು ಮುಟ್ಟಬೇಡಿ, ಅದು ಉಪಗ್ರಹಗಳ ಜಾಗ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಧ್ವನಿ ಇಳಿಯುವುದೂ 145.800ರಲ್ಲಿಯೇ. ಹತ್ತಿರದ ಕ್ಲಬ್ಬನ್ನು ವಿಚಾರಿಸಿ, ಮೊದಲ ಅರ್ಧ ಗಂಟೆಗೆ ರಿಪೀಟರನ್ನೂ (ಎತ್ತರದಲ್ಲಿ ನಿಂತು ನಮ್ಮ ಸಂಕೇತವನ್ನು ಮರುಪ್ರಸಾರ ಮಾಡುವ ಕೇಂದ್ರ) ಉಳಿದ ಅರ್ಧಕ್ಕೆ ಒಂದು ಸಿಂಪ್ಲೆಕ್ಸ್ (ಸೆಟ್ಟಿನಿಂದ ಸೆಟ್ಟಿಗೆ ನೇರ) ತರಂಗಾಂತರವನ್ನೂ ಗೊತ್ತುಮಾಡಿಕೊಳ್ಳಿ. ರಿಪೀಟರಿನಿಂದ ಎಲ್ಲರೂ ಕೂಡುತ್ತಾರೆ. ಅದಿಲ್ಲದೆ ನಮ್ಮ ಸೆಟ್ ಎಲ್ಲಿಗೆ ಮುಟ್ಟುತ್ತದೆ ಎಂಬುದು ಗೊತ್ತಾಗುವುದು ಸಿಂಪ್ಲೆಕ್ಸಿನಲ್ಲಿ ಮಾತ್ರ.

ಮೊದಲು ಆ್ಯಂಟೆನಾ, ಆಮೇಲೆ ವ್ಯಾಟ್

ಹ್ಯಾಂಡಿಯ ಜೊತೆಗೆ ಬರುವ ಮೋಟು ರಬ್ಬರ್ ಆ್ಯಂಟೆನಾ ಹಿಡಿದು ಮನೆಯೊಳಗೆ ಕೂತು ‘ದೂರ ಹೋಗುವುದಿಲ್ಲ’ ಎನ್ನುವವರಿಗೆ ನಾನು ಹೇಳುವುದು ಒಂದೇ: ಹೆಚ್ಚು ಶಕ್ತಿಯ ಸೆಟ್ ಕೊಳ್ಳುವ ಮುನ್ನ ತಾರಸಿಗೆ ಹತ್ತಿ. ವಿಎಚ್‌ಎಫ್ ಅಲೆ ಬಹುತೇಕ ನೇರವಾಗಿ ಸಾಗುತ್ತದೆ, ಎತ್ತರವೇ ಅದರ ಬಂಡವಾಳ. ಆ್ಯಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂಬ ಅಂದಾಜು ಸಿಗುತ್ತದೆ. ಒಂಬತ್ತು ಮೀಟರಿಗೆ ಸುಮಾರು 12 ಕಿಲೋಮೀಟರ್. ಎರಡೂ ಕಡೆ ಅಷ್ಟೇ ಎತ್ತರವಿದ್ದರೆ, ನಡುವೆ ದೊಡ್ಡ ಕಟ್ಟಡಗಳು ಇಲ್ಲದಿದ್ದರೆ, 25 ಕಿಲೋಮೀಟರ್. ಅದೇ ಹ್ಯಾಂಡಿಯನ್ನು ಹಿಡಿದು ಒಬ್ಬರು ನಂದಿಬೆಟ್ಟದ ಮೇಲೆ ನಿಂತರೆ ಲೆಕ್ಕ ನೂರು ಕಿಲೋಮೀಟರ್ ದಾಟುತ್ತದೆ.

ಕಾಲು ತರಂಗದ ಗ್ರೌಂಡ್ ಪ್ಲೇನ್ ಆ್ಯಂಟೆನಾ ಮಾಡಲು ಒಂದು ರವಿವಾರದ ಮಧ್ಯಾಹ್ನ ಸಾಕು. ಎಸ್‌ಒ-239 ಕನೆಕ್ಟರಿನ ನಡುವಿನ ಪಿನ್ನಿಗೆ ಸುಮಾರು 49 ಸೆಂಟಿಮೀಟರಿನ ಹಿತ್ತಾಳೆ ಕಡ್ಡಿಯನ್ನು ನೆಟ್ಟಗೆ ಬೆಸುಗೆ ಹಾಕಿ. ನಾಲ್ಕು ಮೂಲೆಗಳಿಗೆ ಅದಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚು ಉದ್ದದ ನಾಲ್ಕು ಕಡ್ಡಿಗಳನ್ನು ಕಟ್ಟಿ, 45 ಡಿಗ್ರಿ ಕೆಳಕ್ಕೆ ಬಾಗಿಸಿ. ಹಾಗೆ ಬಾಗಿಸಿದರೆ ಆ್ಯಂಟೆನಾ 50 ಓಮ್ ಕೇಬಲ್ಲಿಗೆ ಹೊಂದಿಕೊಳ್ಳುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್ (ಆ್ಯಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ತೋರಿಸುವ ಸಾಧನ) ನೋಡುತ್ತ ನಡುವಿನ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಕೇಬಲ್ಲಿನಲ್ಲಿ ಜಿಪುಣತನ ಬೇಡ: ತೆಳುವಾದ ಆರ್‌ಜಿ-58 ಹತ್ತು ಮೀಟರಿನಲ್ಲಿಯೇ ಶಕ್ತಿಯ ಸುಮಾರು ಮೂರನೆಯ ಒಂದು ಭಾಗವನ್ನು ನುಂಗುತ್ತದೆ. ಆ್ಯಂಟೆನಾ ನೆಟ್ಟಗೆ ನಿಂತಿರುವುದೂ ಮುಖ್ಯ. ಹ್ಯಾಂಡಿಗಳು ಬಳಸುವ ಎಫ್‌ಎಂನಲ್ಲಿ ಎಲ್ಲರೂ ಲಂಬವಾಗಿಯೇ ನಿಲ್ಲಿಸುತ್ತಾರೆ, ಒಬ್ಬರು ಅಡ್ಡ ಮಲಗಿಸಿದರೆ ಸಂಕೇತ ಬಹಳವೇ ಕುಗ್ಗುತ್ತದೆ. ಮುಂಗಾರು ಪೂರ್ವದ ಮೋಡ ಕವಿಯುತ್ತಿದ್ದಂತೆ, ಗುಡುಗು ಕೇಳಿಸುವ ಮೊದಲೇ, ಕೇಬಲ್ ಬಿಚ್ಚಿ ಹೊರಗಿಡಿ.

ನೆಟ್ ಕಂಟ್ರೋಲ್

ನೆಟ್ ಕಂಟ್ರೋಲ್ ಎಂದರೆ ಆ ಸಂಜೆಯನ್ನು ನಡೆಸುತ್ತ ಎಲ್ಲರನ್ನೂ ಸರದಿಯಲ್ಲಿ ಕರೆಯುವವರು. ಸಂಜೆಯ ಯಶಸ್ಸು ನಿಂತಿರುವುದು ಇವರ ತಾಳ್ಮೆಯ ಮೇಲೆ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಬಲವಾದ ಸಂಕೇತವೊಂದೇ ಕೇಳುತ್ತದೆ, ದುರ್ಬಲವಾದದ್ದು ಅದರಡಿ ಅಳಿಸಿಹೋಗುತ್ತದೆ. ಇನ್ನೊಬ್ಬರು ಕರೆದರು ಎಂಬ ಸುಳಿವೂ ಎಷ್ಟೋ ಸಲ ಸಿಗುವುದಿಲ್ಲ. ಹೀಗಾಗಿ ಪ್ರತಿ ಮಾತಿನ ನಂತರ ಎರಡು ಸೆಕೆಂಡ್ ಬಿಡುವು ಕೊಡಬೇಕು. ಆರಂಭದಲ್ಲಿ ತರಂಗಾಂತರ ಖಾಲಿ ಇದೆಯೇ ಎಂದು ಕೇಳಿ, ತಮ್ಮ ಕರೆ ಸಂಕೇತ (ಪರವಾನಗಿಯೊಂದಿಗೆ ಸಿಗುವ ಗುರುತು) ಹೇಳಿ, ತುರ್ತು ಸಂದೇಶ ಇದ್ದವರನ್ನು ಮೊದಲು ಕರೆಯಬೇಕು. ನಂತರ ಹ್ಯಾಂಡಿಯಲ್ಲಿ, ವಾಹನದಲ್ಲಿ ಇರುವವರು. ಮನೆಯಲ್ಲಿ ದೊಡ್ಡ ಆ್ಯಂಟೆನಾ ಇರುವವರು ಕೊನೆಗೆ ಬರಲಿ, ಅವರು ಯಾವಾಗ ಕರೆದರೂ ಧ್ವನಿ ಕೇಳಿಸುತ್ತದೆ.

ಸೇರಿಕೊಳ್ಳುವವರು ಕರೆ ಸಂಕೇತವನ್ನು ಎಗೆ ಆಲ್ಫಾ, ಬಿಗೆ ಬ್ರಾವೊ ಎನ್ನುವ ಪದ್ಧತಿಯಲ್ಲಿ ಬಿಡಿಸಿ ಹೇಳಿ, ಹೆಸರು ಮತ್ತು ಜಾಗ ತಿಳಿಸಿ, ಬಟನ್ ಬಿಟ್ಟು ಕಾಯಬೇಕು. ಬಟನ್ ಒತ್ತಿದ ಕೂಡಲೇ ಮಾತನಾಡಿದರೆ ರಿಪೀಟರ್ ತೆರೆದುಕೊಳ್ಳುವಷ್ಟರಲ್ಲಿ ಮೊದಲ ಅಕ್ಷರ ಕಳೆದುಹೋಗುತ್ತದೆ, ಒಂದು ಕ್ಷಣ ತಡೆಯಿರಿ. ಮಾತು ಕನ್ನಡದಲ್ಲೇ ನಡೆಯಲಿ. ಹಾಗಾದಾಗ ಹೈಸ್ಕೂಲಿನ ಹುಡುಗಿಯೂ ಹಿಂಜರಿಯದೆ ಎರಡು ಮಾತು ಹೆಚ್ಚು ಆಡುತ್ತಾಳೆ. ವ್ಯಾಪಾರ, ರಾಜಕೀಯ ವಿವಾದ, ಹಾಡು ಹಾಕುವುದು ನಿಯಮಕ್ಕೆ ವಿರುದ್ಧ. ಆ್ಯಂಟೆನಾ, ಬ್ಯಾಟರಿ, ಹವಾಮಾನ, ಊರಿನ ಎತ್ತರ ತಗ್ಗು, ಇಷ್ಟರಲ್ಲೇ ಅರ್ಧ ಗಂಟೆ ಸಾಲುವುದಿಲ್ಲ.

ಚೌಕಗಳ ಆಟ

ಸಿಂಪ್ಲೆಕ್ಸಿನ ಅರ್ಧ ಗಂಟೆಗೆ ರುಚಿ ಬರುವುದು ಅಂಕಗಳಿಂದ. ಹ್ಯಾಮ್‌ಗಳು ಭೂಮಿಯನ್ನು ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಹಂಚಿಕೊಂಡು ಪ್ರತಿಯೊಂದಕ್ಕೂ ಒಂದು ಗುರುತು ಕೊಟ್ಟಿದ್ದಾರೆ. ಮೈಸೂರು ಎಂಕೆ82, ಮಂಗಳೂರು ಎಂಕೆ72, ಶಿವಮೊಗ್ಗ ಎಂಕೆ73, ಧಾರವಾಡ ಎಂಕೆ75. 13 ಡಿಗ್ರಿ ಅಕ್ಷಾಂಶದ ರೇಖೆ ಬೆಂಗಳೂರಿನೊಳಗೇ ಹಾದುಹೋಗುವುದರಿಂದ ಜಯನಗರದವರು ಎಂಕೆ82ರಲ್ಲಿ, ಹೆಬ್ಬಾಳದವರು ಎಂಕೆ83ರಲ್ಲಿ ಇರುತ್ತಾರೆ! ಮೊದಲು ಹೇಳಿದ ಉತ್ತರ ಯುರೋಪಿನ ಮಂಗಳವಾರಗಳಲ್ಲಿ ಕಿಲೋಮೀಟರಿಗೆ ಒಂದು ಅಂಕ, ಹೊಸ ಚೌಕಕ್ಕೆ 500 ಹೆಚ್ಚುವರಿ. ನಮಗೆ ಅಷ್ಟು ದೊಡ್ಡ ಬಹುಮಾನ ಬೇಡ. ಕಿಲೋಮೀಟರಿಗೊಂದು, ಹೊಸ ಚೌಕಕ್ಕೆ ಐವತ್ತು ಎಂದರೆ ಬೆಟ್ಟ ಹತ್ತುವ ಹುಮ್ಮಸ್ಸು ಬರುತ್ತದೆ.

ಕರಾವಳಿಯವರಿಗೆ ಇನ್ನೊಂದು ಭಾಗ್ಯವಿದೆ. ಸಮುದ್ರದ ಮೇಲೆ ತಂಪು ತೇವದ ಗಾಳಿಯ ಮೇಲೆ ಬಿಸಿ ಒಣಗಾಳಿ ಕೂತಾಗ ಅಲೆಗಳು ಆ ಪದರದಲ್ಲಿ ಸಿಕ್ಕಿಕೊಂಡು ದಿಗಂತದಾಚೆಗೂ ಸಾಗುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈ ಬಳಿಯ 200 ಮೆಗಾಹರ್ಟ್ಸ್ ರೇಡಾರ್‌ಗೆ ಅರೇಬಿಯಾದ ನೆಲ ಕಂಡದ್ದು ಹೀಗೆ. ಮಂಗಳೂರು, ಕಾರವಾರದವರು ಬೇಸಿಗೆಯಲ್ಲಿ ಕೊನೆಯ ಹತ್ತು ನಿಮಿಷ ಏನೂ ಮಾತನಾಡದೆ ಕೇಳುತ್ತ ಕೂರಬೇಕು.

ಪ್ರತಿ ಸಂಪರ್ಕವನ್ನೂ ಅಂದೇ ಲಾಗ್ ಪುಸ್ತಕಕ್ಕೆ ಇಳಿಸಿ: ದಿನಾಂಕ, ಸಮಯ, ಕರೆ ಸಂಕೇತ, ತರಂಗಾಂತರ, ಸಂಕೇತದ ವರದಿ, ಚೌಕ. ವರದಿಯನ್ನು ಪ್ರಾಮಾಣಿಕವಾಗಿ ಕೊಡಿ. ಎಲ್ಲರಿಗೂ 59 (ಅತ್ಯುತ್ತಮ ಎಂಬ ವರದಿ) ಹಂಚಿದರೆ ಯಾರ ಆ್ಯಂಟೆನಾ ಸುಧಾರಿಸಿದೆ ಎಂಬುದು ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರ ಲಾಗ್‌ಗಳನ್ನು ಒಟ್ಟುಗೂಡಿಸಿ ಜಿಲ್ಲೆಯ ನಕಾಶೆಯ ಮೇಲೆ ಗೆರೆ ಎಳೆಯಿರಿ. ಗೆರೆ ಮುಟ್ಟದ ಹಳ್ಳಿ, ಕಣಿವೆಗಳು ಎದ್ದು ಕಾಣುತ್ತವೆ. ನೆರೆ ಬಂದಾಗ ಮೊಬೈಲ್ ಗೋಪುರಗಳು ಕೈಕೊಟ್ಟರೆ ಮೊದಲು ಬೇಕಾಗುವುದು ಆ ನಕಾಶೆಯೇ. ಮುಂದಿನ ತಿಂಗಳು ಒಬ್ಬರು ಸೆಟ್ ಹಿಡಿದು ಹೋಗಬೇಕಾದದ್ದು ಅಲ್ಲಿಗೆ.