ಹಳೆ ಕಾರಿನ ಕ್ರೋಮ್ ಬೀಡಿಂಗ್: ಬಿಚ್ಚುವುದು ಹೇಗೆ, ಕೂರಿಸುವುದು ಹೇಗೆ

ನಮ್ಮ ಮನೆಯಲ್ಲಿರುವುದು ಮಾವ ಕೊಟ್ಟ ಪ್ರೀಮಿಯರ್ ಪದ್ಮಿನಿ. ಮನೆ ಮಲ್ಪೆಗೆ ಹತ್ತಿರ. ಬಾಗಿಲಿನ ಕ್ರೋಮ್ ಬೀಡಿಂಗ್, ಅಂದರೆ ಅಲಂಕಾರದ ಲೋಹದ ಪಟ್ಟಿ, ಚೆನ್ನಾಗಿಯೇ ಹೊಳೆಯುತ್ತಿತ್ತು. ಒಂದು ಬೇಸಗೆಯಲ್ಲಿ ಬಿಚ್ಚಿ ನೋಡಿದರೆ ಹಿಂದಿನ ತಗಡಿನಲ್ಲಿ ಬೆರಳು ತೂರುವಷ್ಟು ತೂತು! ಪಟ್ಟಿಯ ಹಿಂದೆ ನೀರು ನಿಲ್ಲುತ್ತದೆ, ಉಪ್ಪು ಕೂರುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕರಾವಳಿಯಲ್ಲಿ ಹಳೆ ಕಾರು ಇಟ್ಟುಕೊಂಡವರು ಕೆಲವು ವರ್ಷಕ್ಕೊಮ್ಮೆಯಾದರೂ ಬೀಡಿಂಗ್ ಬಿಚ್ಚಿ ಹಿಂಬದಿ ನೋಡಲೇಬೇಕು.

ಈ ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ಏನಿದ್ದರೂ ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಸಿ. ಆಮೇಲೆ ಮಳೆ ಶುರುವಾದರೆ ಪೈಂಟಿನ ಅಡಿಗೆ ಬಳಿಯುವ ಪ್ರೈಮರ್ ಸರಿಯಾಗಿ ಒಣಗುವುದಿಲ್ಲ.

ಮೊದಲು ಕಾರನ್ನು ಸಿಹಿನೀರಿನಲ್ಲಿ ತೊಳೆಯಿರಿ. ಕಡಲಿಗೆ ಹತ್ತಿರದ ಬಾವಿ ಬೇಸಗೆಯಲ್ಲಿ ಉಪ್ಪಾಗುತ್ತದೆ ಅಲ್ವಾ, ಆ ನೀರು ಬೇಡ. ಒಣಗಿದ ಮೇಲೆ ಬೀಡಿಂಗಿನ ಮೇಲೂ ಕೆಳಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಪೈಂಟ್ ಉಳಿಸುವುದು ಈ ಟೇಪೇ. ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪ್ರತಿ ಪಟ್ಟಿಗೂ ಚೀಟಿ ಅಂಟಿಸಿ, "ಎಡ ಮುಂದಿನ ಬಾಗಿಲು, ತುದಿ ಈ ಕಡೆ" ಅಂತ ಬರೆಯಿರಿ. ಎಡದ್ದೂ ಬಲದ್ದೂ ನೋಡಲು ಒಂದೇ ಥರ ಇರುತ್ತವೆ, ಕೂರಿಸುವಾಗ ಮಾತ್ರ ಒಂದು ಕೂದಲೆಳೆ ವ್ಯತ್ಯಾಸ.

ಪಟ್ಟಿ ಯಾವುದರಿಂದ ಹಿಡಿದುಕೊಂಡಿದೆ ಎಂದು ತಿಳಿಯದೆ ಎಳೆಯಲು ಹೋಗಬೇಡಿ. ಕೆಲವು ಪಟ್ಟಿಗಳ ಹಿಂದೆ ಬೋಲ್ಟ್ ಇರುತ್ತದೆ, ಅದರ ನಟ್ ಬಾಗಿಲಿನ ಒಳಗೆ. ಗ್ಲಾಸ್ ಏರಿಸುವ ಹ್ಯಾಂಡಲ್, ಬಾಗಿಲಿನ ಒಳಬದಿ ಮುಚ್ಚುವ ಡೋರ್ ಪ್ಯಾಡ್ ತೆಗೆದು ನೋಡಿ. ತುಕ್ಕು ಹಿಡಿದ ನಟ್‌ಗೆ ಅದನ್ನು ಸಡಿಲಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಅವಸರ ಮಾಡಿದರೆ ಬೋಲ್ಟೇ ಮುರಿಯುತ್ತದೆ. ಇನ್ನು ಕೆಲವು ಪಟ್ಟಿಗಳು ಕ್ಲಿಪ್ ಮೇಲೆ ಕೂತಿರುತ್ತವೆ. ಇದಕ್ಕೆ ಸ್ಕ್ರೂಡ್ರೈವರ್ ಬೇಡವೇ ಬೇಡ. ಬಿದಿರಿನ ಚಪ್ಪಟೆ ತುಂಡು ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕಕ್ಕೇ ತೂರಿಸಿ, ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಒಂದು ಕ್ಲಿಪ್ ಬಿಟ್ಟಿತು ಅಂತ ಖುಷಿಯಲ್ಲಿ ಆ ತುದಿಯನ್ನು ಎಳೆಯಬೇಡಿ. ನಾನು ಹಾಗೆ ಎಳೆದು ಒಂದು ಪಟ್ಟಿ ಮಡಚಿತು. ಆ ಮಡಚಿದ ಗೆರೆ ಮತ್ತೆ ಹೋಗಲೇ ಇಲ್ಲ. ಯಾರಾದರೊಬ್ಬರು ಇನ್ನೊಂದು ತುದಿ ಹಿಡಿದುಕೊಂಡಿದ್ದರೆ ಒಳ್ಳೆಯದು.

ಹಿಂದೆ ಯಾರೋ ಡಬಲ್ ಟೇಪ್‌ನಿಂದ ಅಂಟಿಸಿದ್ದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ. ಮೀನು ಹಿಡಿಯುವ ನೈಲಾನ್ ದಾರವನ್ನು ಹಿಂದೆ ತೂರಿಸಿ, ಗರಗಸದ ಹಾಗೆ ಆಚೀಚೆ ಎಳೆಯಿರಿ. ಈ ದಾರ ನಮ್ಮೂರಲ್ಲಿ ಸಿಗದ ಅಂಗಡಿ ಉಂಟಾ! ಉಳಿದ ಅಂಟನ್ನು ಸೀಮೆಎಣ್ಣೆ ಹಾಕಿದ ಬಟ್ಟೆಯಲ್ಲಿ ಒರೆಸಿ. ಥಿನ್ನರ್ ಬೇಡ, ಪೈಂಟೇ ಎದ್ದು ಬರುತ್ತದೆ.

ಮುಂದಿನ ಗಾಜಿನ ಸುತ್ತ ಇರುವ ಬೀಡಿಂಗ್ ಬೇರೆ ಕಥೆ. ಅದು ರಬ್ಬರಿನ ಸಂದಿಯೊಳಗೆ ಸಿಕ್ಕಿಕೊಂಡಿರುತ್ತದೆ. ಹಳೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಸುಮ್ನೆ ಕೈ ಹಾಕಬೇಡಿ. ಗಾಜು, ರಬ್ಬರ್ ಬದಲಿಸುವಾಗಲೇ ಅದನ್ನು ತೆಗೆಸಿ.

ಪಟ್ಟಿ ಬಂದ ಮೇಲೆ ಶುರು ನಿಜವಾದ ಕೆಲಸ. ತಗಡಿನಲ್ಲಿ ಕ್ಲಿಪ್, ಬೋಲ್ಟ್ ಕೂರುವ ತೂತುಗಳ ಸುತ್ತ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಾಣಬೇಕು. ಮೇಲೆ ಪ್ರೈಮರ್, ಅದರ ಮೇಲೆ ಪೈಂಟ್. ತೂತಿನ ಅಂಚಿಗೆ ಬ್ರಷ್ಷಿನಿಂದ ಬಳಿಯಿರಿ, ಸ್ಪ್ರೇ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಒಂದು ಗ್ಯಾರೇಜಿನಲ್ಲಿ ನಮ್ಮ ಕಾರಿನ ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಪೈಂಟ್ ಹೊಡೆದಿದ್ದರು. ಎರಡು ಮಳೆಗಾಲದಲ್ಲಿ ಅದು ಉಬ್ಬಿ ಎದ್ದಿತು.

ಈಗ ಪಟ್ಟಿಯ ಹಿಂಬದಿ ನೋಡಿ. ತುಕ್ಕು ಇದ್ದರೆ ಕಬ್ಬಿಣಕ್ಕೆ ಕ್ರೋಮ್ ಹಾಕಿದ್ದು. ಹಿಂದೆಯೂ ಮುಂದೆಯೂ ಒಂದೇ ಲೋಹ ಕಂಡು ತುಕ್ಕು ಇಲ್ಲದಿದ್ದರೆ ಸ್ಟೀಲ್. ಹಗುರವಾಗಿದ್ದು ಅಯಸ್ಕಾಂತಕ್ಕೆ ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು. ಸ್ಟೀಲಿಗೆ ಪಾಲಿಶ್ ಸಾಕು. ಕ್ರೋಮ್ ಮೇಲಿನ ಸಣ್ಣ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರು ಹಾಕಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳುವ ಭಯ ಕಡಿಮೆ. ಹುಣಸೆಹುಳಿ, ಟಾಯ್ಲೆಟ್ ಆ್ಯಸಿಡ್ ಹಾಕಬೇಡಿ. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು, ಅಡಿಯ ನಿಕಲ್ ಪದರವೇ ಅದಕ್ಕೆ ಆಸರೆ. ಆ ಪದರ ಸುಲಿದು ಕಬ್ಬಿಣ ಕಂಡರೆ ಮನೆಮದ್ದಿಲ್ಲ, ಪ್ಲೇಟಿಂಗ್ ಮಾಡುವವರ ಹತ್ತಿರವೇ ಕೊಡಬೇಕು. ಅವರು ಹಳೆಯದನ್ನು ತೆಗೆದು, ಪಾಲಿಶ್ ಮಾಡಿ, ನಿಕಲ್, ಕ್ರೋಮ್ ಹಾಕುತ್ತಾರೆ. ಪಾಲಿಶ್‌ನಲ್ಲಿ ಹೋಗದ ಗುಳಿ ಮೇಲಿನ ಪದರದಲ್ಲೂ ಕಾಣುತ್ತದೆ. ಹಾಗಾಗಿ ಕೊಡುವ ಮೊದಲೇ ಹಿಂಬದಿಯಿಂದ ಮರದ ತುಂಡಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿಸಿ.

ಕೂರಿಸುವಾಗ ಹಳೆ ಕ್ಲಿಪ್ ಮತ್ತೆ ಬಳಸಬೇಡಿ. ಮೊದಲು ತುಕ್ಕು ಹಿಡಿಯುವುದು ಅದೇ. ಹೊಸತು ಹಾಕಿ, ಪ್ರತಿ ತೂತಿಗೂ ನೀರು ಒಳಹೋಗದಂತೆ ತಡೆಯುವ, ಒಣಗಿ ಗಟ್ಟಿಯಾಗದ ಬ್ಯೂಟೈಲ್ ಸೀಲಂಟ್ ಸ್ವಲ್ಪ ಹಚ್ಚಿ. ಪಟ್ಟಿಯ ಹಿಂದೆ ಮೇಣ ಬಳಿಯಿರಿ. ಮೊದಲು ಬರೀ ಇಟ್ಟು ನೋಡಿ, ಬಾಗಿಲಿನಿಂದ ಬಾಗಿಲಿಗೆ ಗೆರೆ ಸೇರುತ್ತದಾ ಅಂತ. ಆಮೇಲೆ ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಹೋಗಿ. ಬೋಲ್ಟ್ ಇದ್ದರೆ ಬೆರಳಿನಲ್ಲೇ ಎಲ್ಲ ನಟ್ ಕೂರಿಸಿ, ಕೊನೆಗೆ ಪಾನಾದಿಂದ ಸ್ವಲ್ಪ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಪಟ್ಟಿ ಅಲ್ಲಲ್ಲಿ ಗುಳಿ ಬೀಳುತ್ತದೆ.

ಡೋರ್ ಪ್ಯಾಡ್ ಮುಚ್ಚುವ ಮೊದಲು ಪೈಪಿನಿಂದ ಬಾಗಿಲಿಗೆ ನೀರು ಬಿಡಿ, ಒಳಗಿನಿಂದ ಟಾರ್ಚ್ ಹಿಡಿದು ನೋಡಿ. ತೂತಿನ ಹತ್ತಿರ ಒದ್ದೆ ಕಂಡರೆ ಆ ಕ್ಲಿಪ್ ಮತ್ತೆ ತೆಗೆದು ಸೀಲಂಟ್ ಹಾಕಿ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಹೊರಹೋಗಲು ಇರುವ ತೂತುಗಳಿಗೆ ಈರ್ಕಿಲು (ತೆಂಗಿನ ಗರಿಯ ಕಡ್ಡಿ) ಹಾಕಿ ಕಸ ತೆಗೆದು, ಆಮೇಲೆ ಪ್ಯಾಡ್ ಮುಚ್ಚಿ.