ಅಪ್ಪ-ಅಮ್ಮನಿಗೆ ಬಾರದ ಸ್ಪ್ಯಾನಿಷ್ ಮಗುವಿಗೆ ಕಲಿಸುವುದು

ಮೊದಲು ಉಚ್ಚಾರಣೆಯ ನಿಯಮಗಳನ್ನು ನೀವೇ ಕಲಿಯಿರಿ. ಒಂದು ವಾರ ಸಾಕು. ಸ್ಪ್ಯಾನಿಷ್‌ನಲ್ಲಿ ಸ್ವರಗಳು ಐದೇ: ಅ, ಎ, ಇ, ಒ, ಉ. ಬರೆದಂತೆಯೇ ಹೆಚ್ಚುಕಡಿಮೆ ಓದುತ್ತಾರೆ. ಎಚ್ ಅಕ್ಷರಕ್ಕೆ ದನಿಯಿಲ್ಲ, ಹಾಗಾಗಿ ನಮಸ್ಕಾರಕ್ಕೆ ‘ಓಲಾ’. ಜೆ ಅಕ್ಷರವನ್ನು ಗಂಟಲಿನಿಂದ ಬರುವ ಹಕಾರದಂತೆ ಹೇಳಬೇಕು. ಟಿ, ಡಿ ಅಕ್ಷರಗಳು ನಮ್ಮ ತ, ದ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಎಂದರೆ ಅಲ್ಲೇ ತಿದ್ದಿ. ಮೇಲೆ ಅಲೆಗೆರೆಯಿರುವ ಎನ್ ನಮ್ಮ ಞಕಾರ. ಕನ್ನಡ ಮಾತಾಡುವ ಮಗುವಿಗೆ ಇದು ದೊಡ್ಡ ಅನುಕೂಲ!

ದಿನಕ್ಕೆ 15 ನಿಮಿಷ, ಒಂದೇ ಹೊತ್ತಿಗೆ. ಭಾನುವಾರ ಎರಡು ಗಂಟೆ ಕೂರಿಸಿದರೆ ಮುಂದಿನ ವಾರಕ್ಕೆ ಮರೆತಿರುತ್ತದೆ. ಮೊದಲ 5 ನಿಮಿಷ ಸ್ಪ್ಯಾನಿಷರ ದನಿಯಲ್ಲಿರುವ ಆಡಿಯೊ ಕೇಳಿಸಿ, ಆಮೇಲೆ ಅದೇ ವಾಕ್ಯಗಳನ್ನು ಜೋರಾಗಿ ಹೇಳಿಸಿ. ಕೊನೆಗೆ ಮಗು ನಿಮಗೆ ಪಾಠ ಮಾಡಲಿ. ‘ಕೆ ಎಸ್ ಎಸ್ತೊ?’ (ಇದೇನು?) ಎಂದು ನೀವು ಕೇಳುತ್ತಾ ಹೋಗಿ.

ಹೊಸ ನಾಮಪದವನ್ನು ಒಂಟಿಯಾಗಿ ಕಲಿಸಬೇಡಿ. ‘ಲಿಬ್ರೊ’ ಅಲ್ಲ, ‘ಎಲ್ ಲಿಬ್ರೊ’ (ಪುಸ್ತಕ). ‘ಮೆಸಾ’ ಅಲ್ಲ, ‘ಲಾ ಮೆಸಾ’ (ಮೇಜು). ವಸ್ತುಗಳಿಗೂ ಲಿಂಗವಿದೆ: ಪುಲ್ಲಿಂಗದ ಪದದ ಮುಂದೆ ‘ಎಲ್’, ಸ್ತ್ರೀಲಿಂಗದ ಮುಂದೆ ‘ಲಾ’. ಒಕಾರದಲ್ಲಿ ಮುಗಿಯುವ ಪದ ಸಾಮಾನ್ಯವಾಗಿ ಪುಲ್ಲಿಂಗ, ಆದರೆ ಕೈ ಎಂಬ ಪದ ಸ್ತ್ರೀಲಿಂಗ: ‘ಲಾ ಮಾನೊ’. ಆಮೇಲೆ ತಿದ್ದುವುದು ಬಹಳ ಕಷ್ಟ.

ಆ್ಯಪ್ ಒಂದನ್ನೇ ನಂಬಿದರೆ ಮಗು ಪದವನ್ನು ಗುರುತಿಸುತ್ತದೆ, ಬಾಯಿ ಬಿಡುವುದಿಲ್ಲ. ವಾರಕ್ಕೊಮ್ಮೆಯಾದರೂ ಭಾಷೆ ಬಲ್ಲವರೊಂದಿಗೆ ಅರ್ಧ ಗಂಟೆ ಮಾತಾಡಿಸಿ. ನೆಂಟರ ಮುಂದೆ ಮಾತ್ರ ‘ಏನಾದರೂ ಹೇಳು’ ಎಂದು ಒತ್ತಾಯಿಸಬೇಡಿ.